ಮೆಟ್ಟಿಲ ಕಥೆ ಬಂತು, ಸುತ್ತಿಗೆ ಹಿಡಿದ ಸಿಸ್ಟರ್ ಬರಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಪಶ್ಚಿಮ ಭಾಗಕ್ಕೆ ಹೋದ ಕ್ಯಾಥೊಲಿಕ್ ಪಾದ್ರಿಗಳ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಬೆಲ್ಜಿಯಂನ ದೆ ಸ್ಮೆಟ್ ಎಂಬ ಜೆಸ್ವಿಟ್ ಪಾದ್ರಿ 1841ರಲ್ಲಿ ಮೊಂಟಾನಾದ ಕಣಿವೆಯಲ್ಲಿ ಮಿಷನ್ ಕಟ್ಟಿದ್ದು, ಫ್ರಾನ್ಸ್‌ನ ಲಾಮಿ ಸಾಂಟಾ ಫೆ ಊರಿಗೆ ಬಿಷಪ್ ಆಗಿ ಹೋಗಿದ್ದು, ಎಲ್ಲಾ ಇತ್ತು. ಸಿಸ್ಟರುಗಳಿಗೆ ಮಾತ್ರ ಒಂದೇ ಸಾಲು. ಪಾದ್ರಿಗಳಿಗೆ ನೆರವಾಗಲು ಅವರೂ ಹೋದರು, ಅಷ್ಟೇ. ಅದರ ಕೆಳಗೆ ಸಾಂಟಾ ಫೆಯ ಲೊರೆಟ್ಟೊ ಚಾಪೆಲ್ ಎಂಬ ಸಣ್ಣ ಚರ್ಚಿನ ಮರದ ಮೆಟ್ಟಿಲಿನ ಪವಾಡಕ್ಕೆ ಅರ್ಧ ಕಾಲಂ. ಅದಕ್ಕೇ ಈ ಪತ್ರ.

ನಾನು ಬೆಟಗೇರಿಯ ಬಡಿಗೇರ ಮನೆಯ ಹೆಣ್ಣುಮಗಳು. ವಯಸ್ಸು 61. ಅಪ್ಪ ಚಕ್ಕಡಿ, ಕೂರಿಗೆ, ಕುಂಟೆ ಮಾಡುತ್ತಿದ್ದರು. ತಮ್ಮ ಇನ್ನೂ ಸಣ್ಣವನಿದ್ದ. ಹಾಗಾಗಿ ಗರಗಸದ ಇನ್ನೊಂದು ತುದಿ ಹಿಡಿಯಲು ನಾನೇ ಬೇಕಾಗುತ್ತಿತ್ತು. ಹಿಡಿಯುತ್ತಾ ಹಿಡಿಯುತ್ತಾ ಕೆಲಸ ಕೈಗೆ ಬಂತು. ಈಗಲೂ ಬಾಗಿಲು, ಕಿಟಕಿ, ಬೆಂಚು ಮಾಡುತ್ತೇನೆ.

ಮೊದಲು ಆ ಮೆಟ್ಟಿಲಿನ ಮಾತು ಹೇಳುತ್ತೇನೆ. ಲೊರೆಟ್ಟೊ ಸಿಸ್ಟರುಗಳು ಕೆಂಟಕಿಯಿಂದ ಹೊರಟು 1852ರಲ್ಲಿ ಸಾಂಟಾ ಫೆ ಮುಟ್ಟಿದವರು. ಅವರ ಹಿರಿಯ ಮದರ್ ದಾರಿಯಲ್ಲೇ ಕಾಲರಾ ಬಂದು ತೀರಿಕೊಂಡರು. ಪ್ರಯಾಣ ನಿಲ್ಲಲಿಲ್ಲ. ಮರುವರ್ಷವೇ ಹೆಣ್ಣುಮಕ್ಕಳ ಶಾಲೆ ತೆರೆದರು. 1870ರ ದಶಕದಲ್ಲಿ ಚಾಪೆಲ್ ಕಟ್ಟಿದಾಗ, ಮೇಲೆ ಹಾಡುವವರು ನಿಲ್ಲುವ ಅಟ್ಟಕ್ಕೆ ಮೆಟ್ಟಿಲೇ ಇರಲಿಲ್ಲ. ಬಡಿಗರ ಸಂತ ಜೋಸೆಫರಿಗೆ ಒಂಬತ್ತು ದಿನ ಪ್ರಾರ್ಥನೆ ಮಾಡಿದರಂತೆ. ಯಾರೋ ಅಪರಿಚಿತ ಬಂದು ಮಾಡಿಕೊಟ್ಟು, ಕೂಲಿ ಕೇಳದೆ ಹೋದನಂತೆ. ಎರಡು ಪೂರ್ತಿ ಸುತ್ತು, 33 ಮೆಟ್ಟಿಲು, ನಡುವೆ ಕಂಬವಿಲ್ಲ. ಚಿತ್ರ ನೋಡಿ ನನಗೂ ಮೈ ಜುಮ್ಮೆಂದಿತು. ಆದರೆ ಅದು ಹೇಗೆ ನಿಂತಿದೆ ಅನ್ನುವುದು ಬಡಿಗರ ಕಣ್ಣಿಗೆ ಕಾಣುತ್ತದೆ. ಒಳಮಗ್ಗುಲಿನ ಪಟ್ಟಿ ಬಹಳ ಬಿಗಿಯಾಗಿ ಸುತ್ತಿಕೊಂಡಿದೆ. ಕಂಬದ ಕೆಲಸವನ್ನು ಅದೇ ಮಾಡುತ್ತದೆ. ಜೋಡಣೆಗೆ ಮರದ ಗೂಟ ಹೊಡೆದಿದ್ದಾರೆ. ಕೈಹಿಡಿಕೆ ಆಮೇಲೆ ಸೇರಿಸಿದ್ದು. ಫ್ರಾನ್ಸ್‌ನಿಂದ ಬಂದಿದ್ದ ರೋಶಾ ಎಂಬ ಬಡಿಗನ ಕೆಲಸ ಅದು ಎಂದು ಸಂಶೋಧಕರು ಗುರುತಿಸಿದ್ದಾರೆ. ಒಬ್ಬ ಮನುಷ್ಯ ಅಷ್ಟು ಚೆಂದ ಮಾಡಿದ ಮೇಲೆ ಅವನ ಹೆಸರು ಹೇಳಬೇಕು, ಅಲ್ವಾ? ನಮ್ಮಲ್ಲೂ ಒಳ್ಳೆ ಕೆತ್ತನೆಯ ಕಂಬ ಕಂಡರೆ ಜಕಣಾಚಾರಿ ಅಂದುಬಿಡುತ್ತೇವೆ. ಎಷ್ಟು ಜನರ ಕೈ ಆ ಕಲ್ಲಿನ ಮೇಲೆ ಆಡಿದೆಯೋ.

ಇನ್ನು ನಿಮ್ಮ ಲೇಖನ ಬಿಟ್ಟ ಹೆಂಗಸಿನ ಮಾತು. ಹತ್ತು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಕಾನ್ವೆಂಟಿಗೆ ಬೆಂಚು ಮಾಡಿಕೊಡಲು ಹೋಗಿದ್ದೆ. ಅಲ್ಲಿನ ಹಿರಿಯ ಸಿಸ್ಟರೊಬ್ಬರು ನಾನು ರಂಧಾ ಹೊಡೆಯುವುದನ್ನು ಬಹಳ ಹೊತ್ತು ನೋಡಿ, ‘ನಿಮ್ಮಂಥವರೇ ಒಬ್ಬರಿದ್ದರು’ ಎಂದು ಮದರ್ ಜೋಸೆಫ್ ಕಥೆ ಹೇಳಿದರು. ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯ ಬಸದಿ ಕಟ್ಟಿಸಿದ್ದನ್ನು ಶಾಲೆಯಲ್ಲಿ ಓದಿದ್ದೆ. ಕಟ್ಟಿಸಿದ ಹೆಣ್ಣು ಗೊತ್ತಿತ್ತು. ತಾನೇ ಉಳಿ ಹಿಡಿದು ಕಟ್ಟಿದ ಹೆಣ್ಣಿನ ಕಥೆ ಕೇಳಿದ್ದು ಅವತ್ತೇ ಮೊದಲು.

ಮದರ್ ಜೋಸೆಫ್ ಅವರ ಮೊದಲ ಹೆಸರು ಎಸ್ತರ್ ಪಾರಿಸೊ. ಹುಟ್ಟಿದ್ದು 1823ರಲ್ಲಿ, ಕೆನಡಾದ ಮಾಂಟ್ರಿಯಲ್ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಕುದುರೆ ಗಾಡಿ ಮಾಡುವವರು. ಮಗಳು ಅವರ ಕೈ ಕೆಳಗೇ ಬಡಿಗತನ ಕಲಿತಳು. 20ನೇ ವಯಸ್ಸಿಗೆ ಅವಳನ್ನು ಪ್ರಾವಿಡೆನ್ಸ್ ಸಿಸ್ಟರುಗಳ ಮಠಕ್ಕೆ ಕರೆತಂದು ಬಿಟ್ಟಾಗ ಅಪ್ಪ ಹೇಳಿದ್ದು ಹೀಗಂತೆ: ಇವಳಿಗೆ ಓದು ಬರಹ, ಲೆಕ್ಕ, ಅಡುಗೆ, ಹೊಲಿಗೆ ಎಲ್ಲಾ ಬರುತ್ತದೆ, ಹತಾರಗಳನ್ನು ನನ್ನಷ್ಟೇ ಚೆನ್ನಾಗಿ ಹಿಡಿಯುತ್ತಾಳೆ. ಇದನ್ನು ಕೇಳಿ ನನ್ನ ಕಣ್ಣು ತುಂಬಿ ಬಂತು. ನನ್ನ ಅಪ್ಪ ಊರ ಮುಂದೆ ಇಂಥ ಮಾತು ಎಂದೂ ಆಡಲಿಲ್ಲ. ಮನಸ್ಸಿನಲ್ಲಿತ್ತು, ನನಗೆ ಗೊತ್ತು.

1856ರಲ್ಲಿ ಅವರು ಇನ್ನೂ ನಾಲ್ವರು ಸಿಸ್ಟರುಗಳ ಜೊತೆ ಹೊರಟರು. ನ್ಯೂಯಾರ್ಕಿನಿಂದ ಹಡಗು, ಪನಾಮಾ ದಾಟಿ ಮತ್ತೆ ಹಡಗು. ಡಿಸೆಂಬರ್ 8ರಂದು ಅಮೆರಿಕದ ವ್ಯಾಂಕೂವರ್ ಮುಟ್ಟಿದರೆ ಇರಲು ಮನೆಯೇ ಸಿದ್ಧವಿರಲಿಲ್ಲ. ಬಿಷಪ್ ಮನೆಯ ಅಟ್ಟವೇ ಗತಿಯಾಯಿತು. ಜೋಸೆಫ್ ಹತಾರ ತೆಗೆದು ಕೆಲಸ ಶುರು ಮಾಡಿದರು. 1858ರಲ್ಲಿ ಒಂದು ಸಣ್ಣ ಕಟ್ಟಡದಲ್ಲಿ ಸೇಂಟ್ ಜೋಸೆಫ್ ಆಸ್ಪತ್ರೆ ತೆರೆಯಿತು. ಮೇಲೆ ಕರಿ ನಿಲುವಂಗಿ, ಸೊಂಟಕ್ಕೆ ಸುತ್ತಿಗೆ. ನಕ್ಷೆಯೂ ಅವರದೇ, ಮೇಲ್ವಿಚಾರಣೆಯೂ ಅವರದೇ. ತೊಲೆ ಗಟ್ಟಿ ಇದೆಯೇ ಎಂದು ಅದರ ಮೇಲೆ ನಿಂತು ಕುಪ್ಪಳಿಸಿ ನೋಡುತ್ತಿದ್ದರಂತೆ. ಅಡಿಪಾಯ ನೋಡಲು ನೆಲಹಲಗೆಯ ಕೆಳಗೆ ತೂರುತ್ತಿದ್ದರಂತೆ. ಹೀಗೆ ಅವರ ಮುಂದಾಳತ್ವದಲ್ಲಿ 11 ಆಸ್ಪತ್ರೆ, 7 ಅಕಾಡೆಮಿ, 2 ಅನಾಥಾಲಯ, ಮೂಲನಿವಾಸಿ ಮಕ್ಕಳಿಗೆ 5 ಶಾಲೆ ಎದ್ದವು.

ದುಡ್ಡು ಎಲ್ಲಿಂದ ಬಂತು? ಬೇಡಿ ತಂದರು. ಕುದುರೆ ಏರಿ ಇಡಾಹೊ, ಮೊಂಟಾನಾದ ಚಿನ್ನದ ಗಣಿಗಳ ಬಿಡಾರಕ್ಕೆ ಹೋಗಿ ಗಣಿ ಕೆಲಸಗಾರರ ಮುಂದೆ ಕೈ ಒಡ್ಡಿದರು. ಸುಗ್ಗಿಯಲ್ಲಿ ಅಪ್ಪನ ಜೊತೆ ಚೀಲ ಹಿಡಿದು ಕಣದಿಂದ ಕಣಕ್ಕೆ ಆಯದ ಜೋಳ ತರಲು ಹೋಗುತ್ತಿದ್ದುದು ನೆನಪಾಯಿತು. ವರ್ಷವಿಡೀ ದುಡಿದದ್ದಕ್ಕೇ ಕೇಳುವಾಗ ಅಪ್ಪನ ದನಿ ಇಳಿಯುತ್ತಿತ್ತು. ಮದರ್ ಜೋಸೆಫ್ ಇನ್ನೊಬ್ಬರಿಗಾಗಿ ಕೇಳಿದರು.

ಮೂಲನಿವಾಸಿ ಮಕ್ಕಳ ಶಾಲೆಯ ಮಾತನ್ನು ನಾನು ಮುಚ್ಚಿಡುವುದಿಲ್ಲ. ಆ ಕಾಲದಲ್ಲಿ ಅಮೆರಿಕದಲ್ಲಿ ಸರ್ಕಾರ, ಚರ್ಚುಗಳು ನಡೆಸಿದ ಅಂಥ ಬಹಳಷ್ಟು ಶಾಲೆಗಳಲ್ಲಿ ಮಕ್ಕಳನ್ನು ಹೆತ್ತವರಿಂದ ದೂರ ಇಟ್ಟರು, ಮನೆ ಮಾತು ಆಡಿದರೆ ಶಿಕ್ಷಿಸಿದರು. ಅದು ದೊಡ್ಡ ಅನ್ಯಾಯ. 2022ರಲ್ಲಿ ಅಲ್ಲಿನ ಸರ್ಕಾರವೇ ವರದಿ ಮಾಡಿ, ಸರ್ಕಾರದ ನೆರವಿನ ಅಂಥ 408 ಶಾಲೆಗಳನ್ನು ಗುರುತಿಸಿತು. ನಿಮ್ಮ ಲೇಖನದಲ್ಲಿ ಇದೂ ಬರಬೇಕಿತ್ತು. ಮದರ್ ಜೋಸೆಫ್ ಮೇಲೆ ನನಗೆ ಎಷ್ಟು ಗೌರವವಿದ್ದರೂ ಆ ಮಕ್ಕಳ ಅಳು ಸಣ್ಣದಾಗುವುದಿಲ್ಲ.

ಈಗ ಯಾಕೆ ಇಷ್ಟೆಲ್ಲಾ ಬರೆದೆ ಅಂದರೆ, ನನ್ನ ತಮ್ಮನ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಬಡಿಗತನ ಕಲಿಯುತ್ತೇನೆ ಅಂದಳು. ಒಂದು ತರಬೇತಿ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋದೆ. ಅಲ್ಲಿದ್ದವರು ಅರ್ಜಿಯನ್ನು ಕೈಯಲ್ಲೂ ಹಿಡಿಯಲಿಲ್ಲ. ‘ಹೊಲಿಗೆ ಇದೆ, ಬ್ಯೂಟಿ ಪಾರ್ಲರ್ ಇದೆ, ಸುಮ್ನೆ ಅದಕ್ಕೆ ಹಾಕಿ ಅಕ್ಕಾ’ ಅಂದರು. ಹುಡುಗಿ ಅರ್ಜಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಗದುಗಿನವರೆಗೂ ಬಸ್ಸಿನಲ್ಲಿ ಒಂದು ಮಾತಾಡಲಿಲ್ಲ. ಈಗ ನನ್ನ ಶೆಡ್ಡಿನಲ್ಲೇ ಕಲಿಯುತ್ತಿದ್ದಾಳೆ. ಮೊನ್ನೆ ಮೊದಲ ಕಿಟಕಿ ಚೌಕಟ್ಟು ಮಾಡಿದಳು. ಮೂಲೆಗೆ ಮೂಲಮಟ್ಟ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ಸಂದಿಲ್ಲ.

ದಯವಿಟ್ಟು ಮದರ್ ಜೋಸೆಫ್ ಬಗ್ಗೆ ಅರ್ಧ ಕಾಲಂ ಬರೆಸಿ. ಅವರು ತೀರಿಕೊಂಡದ್ದು 1902ರಲ್ಲಿ. 1953ರಲ್ಲಿ ಅಲ್ಲಿನ ವಾಸ್ತುಶಿಲ್ಪಿಗಳ ಸಂಸ್ಥೆಯೇ ಅವರನ್ನು ಆ ಸೀಮೆಯ ಮೊದಲ ವಾಸ್ತುಶಿಲ್ಪಿ ಎಂದು ಗೌರವಿಸಿತು. 1980ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಅವರ ಪ್ರತಿಮೆ ನಿಂತಿತು. ಅವರು 1870ರ ದಶಕದಲ್ಲಿ ಇಟ್ಟಿಗೆಯಲ್ಲಿ ಕಟ್ಟಿಸಿದ ಪ್ರಾವಿಡೆನ್ಸ್ ಅಕಾಡೆಮಿ ಈಗಲೂ ಇದೆ. ಸಾಧ್ಯವಾದರೆ ಅವರ ಮುಖದ ಚಿತ್ರದ ಜೊತೆ ಆ ಕಟ್ಟಡದ ಚಿತ್ರವನ್ನೂ ಹಾಕಿ. ಹುಡುಗಿ ಕತ್ತರಿಸಿ ಶೆಡ್ಡಿನ ಬಾಗಿಲಿಗೆ ಅಂಟಿಸುತ್ತಾಳೆ. ಒಂದು ಮಾತು, ವ್ಯಾಂಕೂವರ್ ಅಂದರೆ ಜಾಸ್ತಿ ಜನ ಕೆನಡಾದ ಊರು ಅಂದುಕೊಳ್ಳುತ್ತಾರೆ. ಇದು ಬೇರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಂಡೆಯ ಮೇಲಿದೆ. ಅದೊಂದು ತಪ್ಪದಂತೆ ನೋಡಿಕೊಳ್ಳಿ.

– ಒಬ್ಬ ಓದುಗರು, ಬೆಟಗೇರಿ, ಗದಗ