ಧ್ವನಿ ಹಿಂದೆ ಬೀಳುವ ಡಿವಿಡಿ: ಡಿಸ್ಕ್ ಬದಲಿಸಿ ಎಂಬ ಉತ್ತರ ಸಾಲದು

ಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ವಿಡಿಯೊವನ್ನು ಡಿವಿಡಿಗೆ ಪರಿವರ್ತಿಸುವ ನಿಮ್ಮ ಸಾಫ್ಟ್‌ವೇರ್‌ನ ದೋಷದ ಬಗ್ಗೆ

ಮಾನ್ಯರೇ,

ನಿಮ್ಮ ಸಾಫ್ಟ್‌ವೇರ್‌ನ ಪೂರ್ಣ ಆವೃತ್ತಿಯನ್ನು ದುಡ್ಡು ಕೊಟ್ಟು ಕೊಂಡಿದ್ದೇನೆ. ಮೊಬೈಲ್‌ನಲ್ಲಿ ತೆಗೆದ ಹಾಡಿನ ಕಾರ್ಯಕ್ರಮವೊಂದನ್ನು ಅದರಲ್ಲಿ ಡಿವಿಡಿ ಮಾಡಿದೆ. ಒಂದು ಗಂಟೆಗೂ ಜಾಸ್ತಿ ಉದ್ದದ ವಿಡಿಯೊ ಅದು. ಶುರುವಿನಲ್ಲಿ ಎಲ್ಲ ಸರಿ ಇರುತ್ತದೆ. ಹೋಗ್ತಾ ಹೋಗ್ತಾ ತುಟಿಗೂ ದನಿಗೂ ತಾಳ ತಪ್ಪುತ್ತದೆ. ಕೊನೆಯ ಹಾಡಿನ ಹೊತ್ತಿಗೆ ಹಾಡುವವರು ಮೈಕ್ ಕೆಳಗಿಟ್ಟು ಹೊರಟಿರುತ್ತಾರೆ, ಹಾಡು ಮಾತ್ರ ಇನ್ನೂ ಕೇಳುತ್ತಿರುತ್ತದೆ.

ಇದನ್ನು ತಿಳಿಸಿದಾಗ ನಿಮ್ಮಿಂದ ಬಂದ ಉತ್ತರ ಇಷ್ಟೇ: ಬೇರೆ ಕಂಪನಿಯ ಡಿಸ್ಕ್ ಹಾಕಿ, ಬರ್ನ್ ಮಾಡುವ, ಅಂದರೆ ಡಿಸ್ಕಿಗೆ ಬರೆಯುವ, ವೇಗವನ್ನು 4ಎಕ್ಸ್‌ಗೆ ಇಳಿಸಿ. ಎರಡನ್ನೂ ಮಾಡಿದೆ. ಏನೂ ಬದಲಾಗಲಿಲ್ಲ, ಬದಲಾಗುವ ಹಾಗೂ ಇರಲಿಲ್ಲ. ಡಿಸ್ಕ್ ಕೆಟ್ಟಿದ್ದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ನಡುವೆ ನಿಂತುಬಿಡುತ್ತದೆ, ಇಲ್ಲವೇ ಪ್ಲೇಯರ್ ಡಿಸ್ಕನ್ನೇ ಓದುವುದಿಲ್ಲ. ಧ್ವನಿಯನ್ನು ಮಾತ್ರ ಹಟ ಹಿಡಿದು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಎಳೆಯುವ ಡಿಸ್ಕನ್ನು ನಾನಂತೂ ಕಂಡಿಲ್ಲ.

ಬರ್ನ್ ಮಾಡುವ ಮೊದಲು ನಿಮ್ಮ ಸಾಫ್ಟ್‌ವೇರ್ ಹಾರ್ಡ್ ಡಿಸ್ಕ್‌ನಲ್ಲಿ ಡಿಸ್ಕಿಗೆ ಹೋಗಬೇಕಾದ ಫೈಲುಗಳ ವಿಡಿಯೊ_ಟಿಎಸ್ ಫೋಲ್ಡರ್ ಮಾಡಿಡುತ್ತದೆ ಅಲ್ವಾ? ಅದರೊಳಗಿನ ವಿಒಬಿ ಫೈಲುಗಳನ್ನು, ಅಂದರೆ ಚಿತ್ರ, ಧ್ವನಿ ಎರಡೂ ಇರುವ ಫೈಲುಗಳನ್ನು, ಕಂಪ್ಯೂಟರ್‌ನಲ್ಲೇ ಹಾಕಿ ನೋಡಿದೆ. ಅಲ್ಲೂ ಅದೇ ತೊಂದರೆ, ಅಷ್ಟೇ ಅಂತರ. ಅಲ್ಲಿಗೆ ಡಿಸ್ಕು, ಬರ್ನರ್, ವೇಗ ಯಾವುದರ ಮೇಲೂ ತಪ್ಪು ಹೊರಿಸುವಂತಿಲ್ಲ. ಮೂಲ ಫೈಲಿನಲ್ಲಿ ಧ್ವನಿ ಸರಿಯಾಗಿಯೇ ಇದೆ. ನಡುವೆ ಉಳಿದದ್ದು ನಿಮ್ಮ ಎನ್‌ಕೋಡರ್, ಅಂದರೆ ವಿಡಿಯೊವನ್ನು ಡಿವಿಡಿಯ ರೂಪಕ್ಕೆ ತರುವ ಭಾಗ.

ಏನಾಗುತ್ತಿದೆ ಎಂದು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಮೊಬೈಲ್ ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಅಂತ ಹೇಳಿಕೊಂಡರೂ ಆ ಲೆಕ್ಕಕ್ಕೆ ಅಂಟಿಕೊಂಡಿರುವುದಿಲ್ಲ. ಬೆಳಕು ಸಾಲದಿದ್ದರೆ ಫ್ರೇಮ್ ಕಡಿಮೆ ಮಾಡಿಬಿಡುತ್ತದೆ. ಯಾವ ಫ್ರೇಮ್ ಯಾವ ಕ್ಷಣದ್ದು ಎಂಬುದನ್ನು ಫೈಲಿನಲ್ಲೇ ಬರೆದಿಡುವುದರಿಂದ ಮೊಬೈಲ್‌ನಲ್ಲಿ ನೋಡುವಾಗ ತೊಂದರೆ ಕಾಣುವುದಿಲ್ಲ. ಡಿವಿಡಿಯಲ್ಲಿ ಈ ಸಡಿಲಿಕೆ ಇಲ್ಲ. ಟಿವಿ ಪದ್ಧತಿ ಎನ್‌ಟಿಎಸ್‌ಸಿ ಆದರೆ ಸೆಕೆಂಡಿಗೆ 29.97 ಫ್ರೇಮ್, ಪಾಲ್ ಆದರೆ 25. ಹಾಗಾಗಿ ಪರಿವರ್ತಿಸುವಾಗ ಪ್ರತಿ ಫ್ರೇಮಿನ ಸಮಯ ನೋಡಬೇಕು, ಕೊರತೆ ಬಿದ್ದ ಕಡೆ ಹಿಂದಿನ ಫ್ರೇಮನ್ನೇ ಇನ್ನೊಮ್ಮೆ ಹಾಕಬೇಕು. ನಿಮ್ಮದು ಸಮಯ ನೋಡದೆ ಫ್ರೇಮುಗಳನ್ನು ಸುಮ್ನೆ ಒಂದರ ಹಿಂದೆ ಒಂದು ಜೋಡಿಸುತ್ತಿರುವಂತಿದೆ. ನನ್ನ ಫೈಲಿನ ಸರಾಸರಿ 29.87 ಫ್ರೇಮ್. ಅದನ್ನು 29.97ರಲ್ಲಿ ಓಡಿಸಿದರೆ ಒಂದು ಗಂಟೆಯಲ್ಲಿ ಚಿತ್ರ 12 ಸೆಕೆಂಡು ಮುಂದೆ ಹೋಗುತ್ತದೆ. ಡಿಸ್ಕ್‌ನಲ್ಲಿ ಆಗಿರುವುದೂ ಅಷ್ಟೇ.

ಅನುಮಾನ ಉಳಿಯಬಾರದೆಂದು ಅದೇ ವಿಡಿಯೊವನ್ನು ಉಚಿತ ಪರಿವರ್ತಕ ಸಾಫ್ಟ್‌ವೇರ್ ಆದ ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ ಫ್ರೇಮ್ ದರಕ್ಕೆ ತಂದು, ಆಮೇಲೆ ನಿಮ್ಮ ಸಾಫ್ಟ್‌ವೇರ್‌ಗೆ ಕೊಟ್ಟೆ. ತುಟಿ, ದನಿ ಎರಡೂ ಕೊನೆಯವರೆಗೆ ಜೊತೆಯಲ್ಲೇ ಇದ್ದವು. ಆದರೆ ಇದು ಪರಿಹಾರ ಅಲ್ಲ. ಎರಡೆರಡು ಸಲ ಎನ್‌ಕೋಡ್ ಆದರೆ ಚಿತ್ರದ ಗುಣಮಟ್ಟ ಇಳಿಯುತ್ತದೆ, ಸಮಯವೂ ದಂಡ. ಅಲ್ಲದೆ, ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಮಾಡುವ ಕೆಲಸ ನಿಮ್ಮದರಲ್ಲಿ ಆಗದಿದ್ದರೆ ನಿಮಗೆ ದುಡ್ಡು ಕೊಟ್ಟದ್ದು ಯಾಕೆ? ‘ಯಾವುದೇ ವಿಡಿಯೊ, ಒಂದೇ ಕ್ಲಿಕ್’ ಅಂತ ಬರೆದುಕೊಂಡವರು ನೀವೇ.

ಇನ್ನೊಂದು ದೋಷವನ್ನೂ ಇಲ್ಲೇ ಹೇಳಿಬಿಡುತ್ತೇನೆ. 4.7 ಜಿಬಿ ಡಿಸ್ಕ್ ಅಂದರೆ ನೂರು ಕೋಟಿ ಬೈಟಿಗೆ ಒಂದು ಜಿಬಿ ಎಂಬ ಲೆಕ್ಕ. ವಿಂಡೋಸ್‌ನ ಜಿಬಿ ಇದಕ್ಕಿಂತ ಸ್ವಲ್ಪ ದೊಡ್ಡದು, ಅದು ತೋರಿಸುವ ಲೆಕ್ಕದಲ್ಲಿ ಡಿಸ್ಕ್ ಸುಮಾರು 4.38. ನಿಮ್ಮ ‘ಡಿಸ್ಕಿಗೆ ಹೊಂದಿಸು’ ಆಯ್ಕೆಗೆ ಈ ವ್ಯತ್ಯಾಸ ಗೊತ್ತಿಲ್ಲ. ಫೈಲುಗಳು ವಿಂಡೋಸ್ ಲೆಕ್ಕದಲ್ಲಿ 4.5 ಜಿಬಿ ಆದರೂ ಹಸಿರು ಗುರುತು ತೋರಿಸುತ್ತದೆ. ಗಂಟೆಗಟ್ಟಲೆ ಎನ್‌ಕೋಡ್ ಆದ ಮೇಲೆ ಜಾಗ ಇಲ್ಲ ಎನ್ನುತ್ತದೆ. ಇದನ್ನು ಸರಿಮಾಡಲು ದೊಡ್ಡ ಸಂಶೋಧನೆಯೇನೂ ಬೇಕಿಲ್ಲ.

ಮೂಲ ವಿಡಿಯೊದ 10 ನಿಮಿಷದ ತುಣುಕು, ಅದರಿಂದ ನಿಮ್ಮ ಸಾಫ್ಟ್‌ವೇರ್ ಮಾಡಿದ ವಿಒಬಿ ಫೈಲು, ಫೈಲಿನ ತಾಂತ್ರಿಕ ವಿವರ ಕೊಡುವ ಮೀಡಿಯಾಇನ್ಫೊ ವರದಿ ಮೂರನ್ನೂ ಲಗತ್ತಿಸಿದ್ದೇನೆ. ಅಷ್ಟು ಚಿಕ್ಕ ತುಣುಕಿನಲ್ಲೇ 2 ಸೆಕೆಂಡು ಅಂತರ ಬಂದಿದೆ, ನೋಡಿ. ವರದಿಯಲ್ಲಿ ಫ್ರೇಮ್ ದರ ಬದಲಾಗುತ್ತದೆ ಎಂದು ಸ್ಪಷ್ಟವಾಗಿದೆ. ನಿಮ್ಮ ಸಾಫ್ಟ್‌ವೇರ್ ಅದನ್ನು ಓದಿ ಕನಿಷ್ಠ ಒಂದು ಎಚ್ಚರಿಕೆಯನ್ನಾದರೂ ಕೊಡಬಹುದಿತ್ತು.

ದಯವಿಟ್ಟು ಈ ಫೈಲುಗಳನ್ನು ಎನ್‌ಕೋಡರ್ ಬಗ್ಗೆ ಗೊತ್ತಿರುವವರಿಗೆ ಕೊಡಿ. ದೋಷ ಸರಿಪಡಿಸಿದ ಆವೃತ್ತಿ ಯಾವಾಗ ಬರುತ್ತದೆ ಎಂದು 15 ದಿನದೊಳಗೆ ತಿಳಿಸಿ. ಆಗುವುದಿಲ್ಲ ಎಂದಾದರೆ ಪೂರ್ತಿ ಹಣ ವಾಪಸ್ ಮಾಡಿ. ಡಿಸ್ಕ್ ಬದಲಿಸಿ ಎಂಬ ಸಿದ್ಧ ಉತ್ತರವನ್ನು ಮತ್ತೆ ಕಳಿಸಬೇಡಿ.

ಇಂತಿ,
ನಿಮ್ಮ ಗ್ರಾಹಕ