ಡಿಲೀಟ್ ಒತ್ತಿದ ಮೇಲೂ ಫೋನ್ ಬರುವುದು ಯಾಕೆ, ಮಾರಾಯ?

ಮಂಗಳೂರು

ಮಾರಾಯ,

ಕದ್ರಿಯ ಮನೆ ಬಾಡಿಗೆಗೆ ಉಂಟು ಅಂತ ಫೋನ್ ನಂಬರ್ ಸಮೇತ ಫೇಸ್‌ಬುಕ್ಕಿಗೆ ಹಾಕಿದ್ದೆ, ಅಳಿಸಿದ ಮೇಲೂ ಕರೆ ನಿಂತಿಲ್ಲ, ಹಾಗಾದರೆ ಆ ಡಿಲೀಟ್ ಗುಂಡಿ ಯಾಕೆ ಅಂತ ಕೇಳಿದ್ದೀಯಲ್ಲ. ಆ ಗುಂಡಿ ಪೋಸ್ಟನ್ನು ಬೇರೆಯವರ ಕಣ್ಣಿಗೆ ಮರೆ ಮಾಡುತ್ತದೆ, ಸದ್ಯಕ್ಕೆ ಅಷ್ಟೇ.

ಮೊದಲು ಪ್ರೊಫೈಲಿನ ಮೂರು ಚುಕ್ಕಿ ಒತ್ತಿ ಆ್ಯಕ್ಟಿವಿಟಿ ಲಾಗ್‌ಗೆ ಹೋಗು, ಅಲ್ಲಿ ಟ್ರ್ಯಾಶ್ ತೆರೆ. ನಿನ್ನ ಪೋಸ್ಟ್ 30 ದಿನ ಅಲ್ಲೇ ಕೂತಿರುತ್ತದೆ, ಅಲ್ಲಿಂದಲೂ ಅಳಿಸಬೇಕು. ಆರ್ಕೈವ್ ಒತ್ತಿದ್ದರೆ ಅಳಿಸಿದ ಲೆಕ್ಕವೇ ಅಲ್ಲ. ಇನ್‌ಸ್ಟಾಗ್ರಾಮಿನಲ್ಲೂ ಪೋಸ್ಟಿಗೆ ಇದೇ 30 ದಿನ. ಇಡೀ ಖಾತೆಯನ್ನೇ ತೆಗೆದರೂ ಎಲ್ಲ ಹೋಗಲಿಕ್ಕೆ 90 ದಿನದವರೆಗೆ ಬೇಕು ಅಂತ ಫೇಸ್‌ಬುಕ್ಕೇ ಹೇಳುತ್ತದೆ, ಮತ್ತೆ ಬ್ಯಾಕಪ್ ಪ್ರತಿಗಳು ಬೇರೆ.

ಆಮೇಲೆ ಗೂಗಲ್. ನಿನ್ನ ನಂಬರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕು. ಪುಟ ಹೋಗಿದ್ದರೂ ಹಳೆಯ ತುಣುಕು ಕಾಣುತ್ತಿದ್ದರೆ, ಆ ಲಿಂಕನ್ನು ಗೂಗಲ್‌ನ 'ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್' ಪುಟದಲ್ಲಿ ಕೊಡು. ಮೂಲ ಪುಟ ಇನ್ನೂ ಹಾಗೇ ಇದ್ದರೆ ಇದು ನಡೆಯುವುದಿಲ್ಲ.

ಆದರೆ ನನ್ನ ಗುಮಾನಿ ಸ್ಕ್ರೀನ್‌ಶಾಟಿನ ಮೇಲೆ. ಶೇರ್ ಒತ್ತಿದವರ ಹತ್ತಿರ ಲಿಂಕ್ ಸತ್ತಿರುತ್ತದೆ. ಚಿತ್ರ ಮಾಡಿ 'ಬಾಡಿಗೆ ಮನೆ' ಗ್ರೂಪಿಗೆ ಬಿಟ್ಟವರದ್ದು ಸಾಯುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಎಲ್ಲರಿಗೂ ಅಳಿಸುವ ಅವಕಾಶ ಕಳಿಸಿದವನಿಗೆ ಮತ್ತು ಗ್ರೂಪಿನ ಅಡ್ಮಿನ್‌ಗೆ, ಅದೂ ಸುಮಾರು ಎರಡು ದಿನದೊಳಗೆ. ಅಷ್ಟರಲ್ಲಿ ಫಾರ್ವರ್ಡ್ ಆದದ್ದು ಆಯಿತು.

ಅಳಿಸಿದ್ದು ನಿಜವಾಗಿ ಅಳಿಯಬೇಕಾ ಅಂದರೆ, ನಿನ್ನ ನಂಬರಿನಂಥದ್ದು ಅಳಿಯಲೇಬೇಕು. ಆದರೆ ನಮ್ಮ ಊರಲ್ಲಿ ರಾತ್ರಿ ಬೆಂಕಿ ಹಚ್ಚುವ ಪೋಸ್ಟ್ ಹಾಕಿ, ಬೆಳಿಗ್ಗೆ ಅಳಿಸಿ, 'ನಾನೆಲ್ಲಿ ಹಾಕಿದ್ದು?' ಅನ್ನುವವರೂ ಉಂಟಲ್ಲ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮದ ಪ್ರಕಾರ, ಕೋರ್ಟು–ಸರ್ಕಾರದ ಆದೇಶದಿಂದಲೋ ದೂರಿನ ಮೇಲೋ ತೆಗೆದದ್ದನ್ನು ಕಂಪನಿ ತನಿಖೆಗಾಗಿ 180 ದಿನ ಕಾದಿಡಬೇಕು. ಹಾಕಿದವನೇ ಅಳಿಸಿಬಿಟ್ಟರೆ ಆ ಕಲಮು ಅವನನ್ನು ಮುಟ್ಟುವುದಿಲ್ಲ. ಎಡವಟ್ಟು ಇಲ್ಲೇ. ಹಾಕಿದವನೇ ಅಳಿಸಿದ್ದನ್ನು ಕಾದಿಡಲಿಕ್ಕೂ ಗೊತ್ತಾದ ಒಂದು ಅವಧಿ ಇರಲಿ, ಅದು ಮುಗಿದ ದಿನ ಬ್ಯಾಕಪ್‌ನಿಂದಲೂ ಹೋಗಲಿ ಅಂತ ನನ್ನ ವಾದ.

ಹಾಗಾಗಿ ಅಂಥ ಪೋಸ್ಟಿನಲ್ಲಿ ಬೈಗುಳ ತಿಂದವರು, ಹಾಕಿದವನು ಅಳಿಸುವ ಮೊದಲೇ ಕಂಪನಿಗೆ ದೂರು ಕೊಡಬೇಕು. ಸ್ಕ್ರೀನ್‌ಶಾಟಿನಲ್ಲಿ ದಿನಾಂಕ, ಸಮಯ ಕಾಣಬೇಕು, ಕತ್ತರಿಸಬಾರದು. ಪೋಸ್ಟಿನ ಲಿಂಕ್ ಬೇರೆ, ಪ್ರೊಫೈಲಿನ ಲಿಂಕ್ ಬೇರೆ, ಎರಡನ್ನೂ ಬರೆದಿಡಬೇಕು. ಹೆಸರು ಯಾವಾಗ ಬೇಕಾದರೂ ಬದಲಾದೀತು. ಚಿತ್ರ ತೆಗೆದ ಫೋನನ್ನು ರೀಸೆಟ್ ಮಾಡಬಾರದು, ಕೋರ್ಟಿಗೆ ಹೋದರೆ ಆ ಚಿತ್ರ ಯಾವ ಫೋನಿನದ್ದು ಅಂತ ಹೇಳುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಕೇಳುತ್ತಾರೆ.

ನೀನು ಸದ್ಯ ಆ ಗ್ರೂಪಿನ ಅಡ್ಮಿನ್ ಯಾರು ಅಂತ ಹುಡುಕು. ಮುಂದಿನ ಸಲ ನಂಬರ್ ಬರೆಯಬೇಡ, ಮೆಸೆಂಜರಿನಲ್ಲಿ ಕೇಳಲಿ. ಅದಿರಲಿ, ಮನೆಗೆ ಜನ ಸಿಕ್ಕಿದರಾ?

ನಿನ್ನ ಗೆಳೆಯ