ಅಕ್ಕನಿಗೆ, ಮತ್ತೆ ನಿಮ್ಮೆಲ್ಲರಿಗೂ

ಶುಕ್ರವಾರ ಸಂಜೆ ಫಲಿತಾಂಶ ಬಂತು. ನಮ್ಮ ಗುಂಪಿನ ಐದೂ ಜನ ಪಾಸು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿ ಅಂತ ಎರಡು ವರ್ಷ ಶನಿವಾರ, ಭಾನುವಾರಗಳನ್ನೆಲ್ಲ ಕ್ಲಾಸಿಗೆ ಕೊಟ್ಟಿದ್ದೆವು. ಕೊನೆಯ ಕ್ಯಾಪ್‌ಸ್ಟೋನ್ ಪ್ರಾಜೆಕ್ಟ್ ಕೂಡ ಮುಗೀತು. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಅಂದು ಇಟ್ಟುಬಿಟ್ಟೆ. ಆದರೆ ಫೋನಿನಲ್ಲಿ ಒಂದು ಮಾತು ಹೇಳಿ ತೀರಿಸುವ ಋಣ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಪ್ರಾಜೆಕ್ಟ್ ಏನು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ನಾಲ್ಕು ತಿಂಗಳು ನನ್ನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಚಿಂತಾಮಣಿ ಕಡೆಯ ಒಂದು ಸರ್ಕಾರಿ ಶಾಲೆಗೆ ಮಳೆನೀರಿನ ತೊಟ್ಟಿ. ಆ ಸೀಮೆಯ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ನಿಯಮ. ದಾಟಿದ ಊರು ಯಾವುದು ಅಂತ ಮಕ್ಕಳ ಹಲ್ಲಿನ ಕಂದು ಗೆರೆಗಳೇ ಹೇಳುತ್ತವೆ. ಮಳೆನೀರಿಗೆ ಆ ತೊಂದರೆ ಇಲ್ಲ. 140 ಚದರ ಮೀಟರ್ ಚಾವಣಿ, 12,000 ಲೀಟರ್ ತೊಟ್ಟಿ, ಹದಿನಾರು ವಾರ. ಉಳಿದ ಲೆಕ್ಕ ಎಲ್ಲ ನಿಮಗೆ ಕೇಳಿ ಕೇಳಿ ಬಾಯಿಪಾಠ ಆಗಿರುತ್ತೆ.

ಪ್ರತಿ ಗುರುವಾರ ರಾತ್ರಿ ಒಂಬತ್ತಕ್ಕೆ ತಪ್ಪದೆ ಫೋನಿಗೆ ಸಿಕ್ಕ ಗೈಡ್ ಸರ್, ಹಣ ಕೂಡಿಸಿಕೊಟ್ಟ ಶಾಲೆಯ ಹಳೇ ವಿದ್ಯಾರ್ಥಿಗಳು, ಬೇಸಿಗೆ ರಜೆಯಲ್ಲೂ ಬಂದು ಬೀಗ ತೆಗೆದ ಮುಖ್ಯ ಶಿಕ್ಷಕಿ, ಆಫೀಸಿನಲ್ಲಿ ನನ್ನ ಪಾಲಿನ ಶಿಫ್ಟ್ ಮಾಡಿದ ಗೆಳೆಯರು, ನಮ್ಮ ಗುಂಪಿನ ಇನ್ನೂ ಮೂವರು, ಮನೆಯಲ್ಲಿ ಎಲ್ಲವನ್ನೂ ಒಬ್ಬಳೇ ತೂಗಿಸಿದ ನನ್ನ ಹೆಂಡತಿ, ನಿಮಗೆಲ್ಲ ಕೈಮುಗಿಯುತ್ತೇನೆ. ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಪುಟ ಬರೆಯಬೇಕು, ನಿಜ. ಆದರೆ ಇವತ್ತು ಅಕ್ಕನ ಬಗ್ಗೆ ಬರೆಯದಿದ್ದರೆ ನನಗೆ ನಿದ್ದೆ ಬರಲ್ಲ.

ನಮ್ಮ ಗುಂಪಿನ ಐದನೆಯವರು ಅವರು. ಹೆಸರು ಹಾಕಬೇಡ ಅಂದಿದ್ದಾರೆ. ಕ್ಲಾಸಿನಲ್ಲೂ ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದುದು. ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದ ಕೆಲಸ. ವಯಸ್ಸು ಐವತ್ತು ದಾಟಿದೆ, ಮಂಡಿ ನೋವು ಬೇರೆ. ಕ್ಲಾಸಿನಲ್ಲಿ ಮಾತು ಕಡಿಮೆ. ಕೇಳಿದರೆ ಒಂದು ಪ್ರಶ್ನೆ ಕೇಳುತ್ತಾರೆ, ಅದೂ ಮೆಲ್ಲಗೆ.

ಅಂಥದ್ದೇ ಒಂದು ಪ್ರಶ್ನೆಯನ್ನು ಏಪ್ರಿಲ್ ಕೊನೆಯಲ್ಲಿ ಕೇಳಿದ್ದರು. ಗುಂಪಿನ ಲೀಡರ್ ನಾನು, ವೇಳಾಪಟ್ಟಿ ನನ್ನದು. ಕ್ರಿಟಿಕಲ್ ಪಾತ್ ಮೆಥಡ್ ಅಂತ ಒಂದು ಲೆಕ್ಕ ಇದೆ, 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಕೆಲಸಗಳಲ್ಲಿ ಹುಟ್ಟಿದ್ದು. ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಪ್ರಾಜೆಕ್ಟೇ ತಡವಾಗುತ್ತೆ, ಯಾವುದು ನಾಲ್ಕು ದಿನ ಕಾದರೂ ನಡೆಯುತ್ತೆ ಅಂತ ಅದು ಹೇಳುತ್ತೆ. ಹಾಗೆ ಕಾಯಬಹುದಾದ ಬಿಡುವಿಗೆ ಫ್ಲೋಟ್ ಅಂತಾರೆ. ನಮಗೆ ಫಿಲ್ಟರ್ ಬರುವುದು ತಡ ಇತ್ತು. ಹಾಗಾಗಿ ತೊಟ್ಟಿಯ ಕೆಲಸಕ್ಕೆ ಹತ್ತು ದಿನ ಫ್ಲೋಟ್ ಸಿಕ್ಕಿತ್ತು. ಗುಂಡಿ ತೋಡಿ ಆಗಿತ್ತು. ಮೇಸ್ತ್ರಿ ಮಗಳ ಮದುವೆ, ಒಂಬತ್ತು ದಿನ ಬರಲ್ಲ ಅಂದರು. ಹೋಗಿ ಬನ್ನಿ ಅಂದೆ. ಲೆಕ್ಕದ ಪ್ರಕಾರ ಏನೂ ತಪ್ಪಿರಲಿಲ್ಲ.

ಅವತ್ತಿನ ಮೀಟಿಂಗ್‌ನಲ್ಲಿ ಅಕ್ಕ ಕೇಳಿದರು: ‘ಆ ಒಂಬತ್ತು ದಿನ ಗುಂಡಿ ಹತ್ರ ಯಾರಿರ್ತಾರೆ?’

ಹಸಿರು ನೆಟ್ ಕಟ್ಟಿದ್ದೀವಲ್ಲ ಅಕ್ಕ, ನೋಡೋಣ, ಅಂದು ಮುಂದಿನ ವಿಷಯಕ್ಕೆ ಹೋದೆ. ಏನೇನು ಅಪಾಯ ಆಗಬಹುದು ಅಂತ ಮೊದಲೇ ಬರೆದಿಡುವ ಪಟ್ಟಿಗೆ ರಿಸ್ಕ್ ರಿಜಿಸ್ಟರ್ ಅಂತಾರೆ. ನಮ್ಮದರಲ್ಲಿ ಅದಕ್ಕೊಂದು ಸಾಲು ಇತ್ತು. ಯಾರಾದರೂ ಗುಂಡಿಗೆ ಬೀಳುವ ಸಂಭವ 1, ಬಿದ್ದರೆ ಪರಿಣಾಮ 5. ಗುಣಿಸಿದರೆ 5. ಇಪ್ಪತ್ತೈದಕ್ಕೆ ಐದು ಅಂದರೆ ನಮ್ಮ ಪಟ್ಟಿಯಲ್ಲಿ ಹಸಿರು ಬಣ್ಣ, ಚಿಂತೆ ಇಲ್ಲ ಅಂತ ಅರ್ಥ. ಆ ಹಸಿರು ಬಣ್ಣ ತುಂಬಿದ್ದು ನಾನೇ. ಯಾವ ದಿನ ಯಾವ ಕೆಲಸ ಅಂತ ಗೆರೆ ಎಳೆದು ತೋರಿಸುವ ಗ್ಯಾಂಟ್ ಚಾರ್ಟ್‌ನಲ್ಲಿ ಆ ಒಂಬತ್ತು ದಿನ ಬರೀ ಬಿಳಿ ಜಾಗ. ಶಾಲೆಯ ಬಯಲಿನಲ್ಲಿ ಅದು ಎಂಟು ಅಡಿ ಆಳದ ಗುಂಡಿ.

ಮೇ ಮೊದಲ ವಾರ, ರಾತ್ರಿ ಹತ್ತೂಮುಕ್ಕಾಲು. ಬಿಸಿಯೂಟದ ಅಡುಗೆಯಮ್ಮ ಫೋನ್ ಮಾಡಿದರು. ಅವರ ಮನೆ ಶಾಲೆಯ ಎದುರಿಗೇ. ‘ಸಾರ್, ಗಾಳಿಗೆ ನಿಮ್ ನೆಟ್ಟು ಕಂಬ ಸಮೇತ ಹಾರೋಯ್ತು. ಜೋರು ಮಳೆ. ಗುಂಡಿ ತುಂಬ್ತಾ ಐತೆ.’

ಗುಂಡಿ ತುಂಬುತ್ತಿದ್ದುದು ನಾವೇ ಹಾಕಿದ ಪೈಪಿನಿಂದ. ಚಾವಣಿಯ ದೋಣಿ, ಇಳಿಪೈಪು ಎಲ್ಲ ಜೋಡಿಸಿ ಆಗಿತ್ತು, ಪೈಪಿನ ಬಾಯಿ ಗುಂಡಿಯ ಕಡೆಗೇ ಇತ್ತು. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಐವತ್ತು ಮಿಲಿಮೀಟರ್ ಸುರಿದರೆ ಏಳು ಸಾವಿರ ಲೀಟರ್ ಹತ್ತಿರ. ಅದರ ಜೊತೆಗೆ ಬಯಲಿನ ನೀರು. ಎಷ್ಟೋ ಸಲ ಸ್ಲೈಡಿನಲ್ಲಿ ಹೆಮ್ಮೆಯಿಂದ ತೋರಿಸಿದ್ದ ಲೆಕ್ಕ. ಅವತ್ತು ಅದನ್ನೇ ತಲೆಯಲ್ಲಿ ಹಾಕುತ್ತಾ ಕಾರಿನ ಕೀ ಹುಡುಕುತ್ತಿದ್ದೆ. ಕೈ ನಡುಗುತ್ತಿತ್ತು.

ನಾಲ್ಕು ಜನಕ್ಕೂ ಫೋನ್ ಮಾಡಿದೆ. ಇಬ್ಬರು ಊರಲ್ಲಿರಲಿಲ್ಲ, ಒಬ್ಬರಿಗೆ ರಿಂಗ್ ಕೇಳಿಸಲಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ. ಅಕ್ಕ ಎರಡನೇ ರಿಂಗಿಗೆ ಎತ್ತಿದರು. ಪೂರ್ತಿ ಹೇಳಲೂ ಬಿಡಲಿಲ್ಲ. ‘ಹೆಬ್ಬಾಳದ ಸೇತುವೆ ಕೆಳಗೆ ನಿಂತಿರ್ತೀನಿ, ಮಗ ಬಿಡ್ತಾನೆ. ನೀನು ಮೆಲ್ಲಗೆ ಬಾ.’ ನಾನು ಹೋಗುವ ಹೊತ್ತಿಗೆ ಮಗನ ಸ್ಕೂಟರಿನ ಪಕ್ಕದಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ದೊಡ್ಡ ಟಾರ್ಚು, ಹೆಗಲ ಮೇಲೆ ಎರಡು ಬೆಡ್‌ಶೀಟು.

ಹೊಸಕೋಟೆ, ಎಚ್. ಕ್ರಾಸ್ ದಾಟಿ ಹಳ್ಳಿ ಮುಟ್ಟಿದಾಗ ಒಂದೂವರೆ. ಊರಿಗೆಲ್ಲ ಕರೆಂಟಿಲ್ಲ. ಅಡುಗೆಯಮ್ಮ ಛತ್ರಿ ಹಿಡಿದು ಗುಂಡಿಯ ಹತ್ತಿರವೇ ನಿಂತಿದ್ದರು. ಅಷ್ಟು ಹೊತ್ತು ಅವರೂ ಅವರ ಯಜಮಾನರೂ ಸರದಿ ಮೇಲೆ ಕಾದಿದ್ದರಂತೆ. ಅಮ್ಮಾ, ನಿಮ್ಮ ಆ ಫೋನ್ ಬರದಿದ್ದರೆ ಏನಾಗುತ್ತಿತ್ತು ಅಂತ ನಾನು ಈಗಲೂ ಯೋಚನೆ ಮಾಡಲ್ಲ, ಮಾಡೋಕೆ ಆಗಲ್ಲ.

ನಾಲ್ಕಡಿ ನೀರು ನಿಂತಿತ್ತು. ಅಂಚಿನ ಮಣ್ಣು ಹೆಂಟೆ ಹೆಂಟೆಯಾಗಿ ಒಳಗೆ ಬೀಳುತ್ತಿತ್ತು. ಅಕ್ಕ ಅಡುಗೆಯಮ್ಮನಿಂದ ಕೀ ಇಸಕೊಂಡು ಎರಡನೇ ಕ್ಲಾಸಿನ ಕೋಣೆ ತೆಗೆದರು. ಒಳಗಿದ್ದ ಬೆಂಚುಗಳನ್ನು ಒಂದೊಂದಾಗಿ ಇಬ್ಬರೂ ಹೊತ್ತು ತಂದೆವು. ಹದಿನಾಲ್ಕು ಬೆಂಚು. ಅಂಚಿನಿಂದ ಆರಡಿ ದೂರಕ್ಕೆ ಸುತ್ತಲೂ ಇಟ್ಟು, ಸೇದೋ ಹಗ್ಗ ಸುತ್ತಿ, ಬೆಡ್‌ಶೀಟುಗಳನ್ನು ಎದ್ದು ಕಾಣುವಂತೆ ಕಟ್ಟಿದೆವು. ಪೈಪಿನ ಬಾಯನ್ನು ಆಚೆ ತಿರುಗಿಸಿದೆವು. ಮೂರು ಗಂಟೆಗೆ ಮಳೆ ನಿಂತಿತು. ಅಕ್ಕನ ಮಂಡಿ ಅಷ್ಟು ಹೊತ್ತಿಗೆ ಊದಿಕೊಂಡಿತ್ತು. ಕಾರಿನಲ್ಲಿ ಕೂತಿರಿ ಅಂದರೆ ಕೇಳಲಿಲ್ಲ. ‘ಕಾರಿಂದ ಗುಂಡಿ ಕಾಣಲ್ಲ’ ಅಂದರು.

ಒಂದು ಬೆಂಚಿನ ಮೇಲೆ ಇಬ್ಬರೂ ಕೂತೆವು. ಫ್ಲಾಸ್ಕಿನಲ್ಲಿ ಶುಂಠಿ ಕಾಫಿ ಇತ್ತು. ಅದರ ಮುಚ್ಚಳಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು.

ಜನವರಿಯಲ್ಲಿ ಅಮ್ಮ ಹೋದರು. ಅದನ್ನೆಲ್ಲ ಇಲ್ಲಿ ಬರೆಯಲ್ಲ, ನೀವೆಲ್ಲ ಬಂದಿದ್ದಿರಿ, ನೋಡಿದ್ದೀರಿ. ಹದಿನೈದು ದಿನಕ್ಕೆ ನಾನು ಕ್ಲಾಸಿಗೆ ಬಂದೆ, ಲೀಡರ್ ಆಗ್ತೀನಿ ಅಂತ ನಾನೇ ಕೈ ಎತ್ತಿದೆ. ಕೆಲಸ ಕೆಲಸ ಅಂತ ಓಡಾಡಿದೆ. ಗಟ್ಟಿಯಾಗಿದ್ದಾನೆ ಅಂತ ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ಅವತ್ತು ಆ ಬಿಸಿ ಮುಚ್ಚಳ ಕೈಗೆ ಬಂದ ತಕ್ಷಣ ಏನೋ ಕಳಚಿಕೊಂಡಿತು. ಗಂಡಸು, ಮೂವತ್ಮೂರು ವರ್ಷ, ಬಿಕ್ಕಿ ಬಿಕ್ಕಿ ಅತ್ತೆ. ಬಿಟ್ಟುಬಿಡ್ತೀನಿ ಅಕ್ಕ, ಇದು ನನ್ನ ಕೈಲಾಗಲ್ಲ, ಅಮ್ಮನ್ನೂ ನೋಡಿಕೊಳ್ಳಲಿಲ್ಲ, ಇದನ್ನೂ ನೋಡಿಕೊಳ್ಳಲಿಲ್ಲ. ಇನ್ನೂ ಏನೇನೋ ಅಂದೆ.

ಅಕ್ಕ ತಡೆಯಲಿಲ್ಲ. ಬೆನ್ನ ಮೇಲೆ ಕೈ ಇಟ್ಟರು, ತೆಗೆಯಲಿಲ್ಲ, ಅಷ್ಟೇ. ಟಾರ್ಚನ್ನು ಮಾತ್ರ ಗುಂಡಿಯ ಕಡೆಗೇ ಹಿಡಿದಿದ್ದರು. ಬಹಳ ಹೊತ್ತಾದ ಮೇಲೆ ಹೇಳಿದರು: ‘ಅಳಪ್ಪ. ಬೆಳಕಾಗೋಕೆ ಇನ್ನೂ ಹೊತ್ತಿದೆ. ಬೆಳಕಾದ ಮೇಲೆ ಮೇಸ್ತ್ರಿಗೆ ಫೋನ್ ಮಾಡೋಣ.’

ಒಂದು ವಿಷಯ ನಿಮಗೆಲ್ಲ ಗೊತ್ತಾಗಲೇಬೇಕು. ಆ ಇಡೀ ರಾತ್ರಿ ಅಕ್ಕ ಒಂದೇ ಒಂದು ಸಲ ‘ಅವತ್ತೇ ಕೇಳಿದ್ನಲ್ಲ’ ಅನ್ನಲಿಲ್ಲ. ಆಮೇಲೂ ಅಂದಿಲ್ಲ. ಈ ಬರಹದಲ್ಲಿ ನಾನು ಹೇಳುವವರೆಗೆ ಆ ಪ್ರಶ್ನೆಯ ವಿಷಯ ಆ ಮೀಟಿಂಗ್‌ನಲ್ಲಿ ಇದ್ದವರಿಗೂ ನೆನಪಿರಲಿಕ್ಕಿಲ್ಲ.

ಐದೂವರೆ ಆಗಿರಬಹುದು. ಸರಿಯಾಗಿ ಬೆಳಕು ಹರಿದಿರಲಿಲ್ಲ. ಆ ಊರಿನಲ್ಲಿ ಡೈರಿಗೆ ಹಾಲು ಹಾಕುವವರೆಲ್ಲ ಶಾಲೆಯ ಬಯಲನ್ನೇ ಅಡ್ಡ ಹಾಯ್ದು ಹೋಗುತ್ತಾರೆ ಅಂತ ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ. ಒಂದು ಹುಡುಗಿ ಬಂದಳು, ಎಂಟೋ ಒಂಬತ್ತೋ ವರ್ಷ. ಎರಡೂ ಕೈಯಲ್ಲಿ ಹಾಲಿನ ಕ್ಯಾನು ಹಿಡಿದು, ಕೆಳಗೆ ನೋಡದೆ, ದಿನಾ ನಡೆಯುವ ದಾರಿಯಲ್ಲಿ ನೆಟ್ಟಗೆ ನಡೆದು ಬರುತ್ತಿದ್ದಳು. ಬೆಂಚು ತಾಗುವಷ್ಟು ಹತ್ತಿರ ಬಂದು ನಿಂತಳು. ನಮ್ಮಿಬ್ಬರನ್ನೂ ನೋಡಿದಳು. ಏನೂ ಕೇಳದೆ ಸುತ್ತು ಹಾಕಿಕೊಂಡು ಡೈರಿ ಕಡೆ ಹೋದಳು.

ಅಕ್ಕ ನನ್ನ ಕೈ ಹಿಡಿದುಕೊಂಡಿದ್ದರು. ಉಗುರಿನ ಗುರುತು ಮಧ್ಯಾಹ್ನದವರೆಗೂ ಇತ್ತು.

ಬೆಳಕಾದ ಮೇಲೆ ನೋಡಿದರೆ ನೀರಿನ ಮೇಲೆ ಒಂದು ಟೆನಿಸ್ ಚೆಂಡು ತೇಲುತ್ತಿತ್ತು. ರಜೆಯಲ್ಲಿ ಹುಡುಗರು ಅಲ್ಲೇ ಕ್ರಿಕೆಟ್ ಆಡುತ್ತಾರೆ. ಮೇಸ್ತ್ರಿ ಮದುವೆ ಮನೆಯಿಂದಲೇ ತಮ್ಮನನ್ನು ಮೋಟಾರಿನ ಜೊತೆ ಕಳಿಸಿದರು. ನೀರು ಹೊರಗೆ ಹಾಕಿ, ಕಂಬ ನೆಟ್ಟು, ಸುತ್ತಲೂ ತಗಡು ಹೊಡೆಸಿಯೇ ನಾವು ಹೊರಟಿದ್ದು. ಚೆಂಡನ್ನು ಅಕ್ಕ ಒರೆಸಿ ತಮ್ಮ ಬ್ಯಾಗಿಗೆ ಹಾಕಿಕೊಂಡರು.

ವರದಿಯಲ್ಲಿ ಇದನ್ನು ಬರೆಯಬೇಕಾ ಅಂತ ಗುಂಪಿನಲ್ಲಿ ಚರ್ಚೆ ಆಯಿತು. ಅಂಕ ಹೋಗುತ್ತೆ ಅನ್ನೋ ಭಯ ಇತ್ತು, ನನಗೂ ಇತ್ತು. ‘ಮುಂದಿನ ವರ್ಷದ ಮಕ್ಕಳು ಇನ್ನೊಂದು ಗುಂಡಿ ತೋಡ್ತಾರೆ, ಬರೀಬೇಕು’ ಅಂದರು ಅಕ್ಕ. ಬರೆದೆವು. ಹಸಿರು ಸಾಲನ್ನು ಹಾಗೆಯೇ ಇಟ್ಟು, ಅದರ ಪಕ್ಕದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆವು. ವೈವಾದಲ್ಲಿ ಅರ್ಧ ಹೊತ್ತು ಅದರ ಮೇಲೇ ಪ್ರಶ್ನೆಗಳು. ಉತ್ತರಿಸುವಾಗ ನನ್ನ ಧ್ವನಿ ಎರಡು ಸಲ ಒಡೆಯಿತು. ಅಕ್ಕ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು.

ಜೂನ್‌ನಲ್ಲಿ ತೊಟ್ಟಿ ಶಾಲೆಗೆ ಒಪ್ಪಿಸಿದ ದಿನ ಸಣ್ಣ ಮಳೆ ಬಂತು. ಚಾವಣಿಯ ಕೊಳೆ ತೊಳೆದ ಮೊದಲ ನೀರು ಹೊರಗೆ ಹೋಗಿ, ಆಮೇಲಿನದು ಫಿಲ್ಟರಿಗೆ ಇಳಿಯುವ ಸದ್ದು ಕೇಳಿಸಿತು. ನಾವೆಲ್ಲ ಅದನ್ನೇ ಕೇಳುತ್ತಾ ನಿಂತಿದ್ದಾಗ ಅಕ್ಕ ಬಯಲಿನ ಆ ಕಡೆ ಹುಡುಗರ ಜೊತೆ ಮಾತಾಡುತ್ತಿದ್ದರು. ಬ್ಯಾಗಿನಿಂದ ಚೆಂಡು ತೆಗೆದು ಕೊಟ್ಟರು. ಎಲ್ಲಿ ಸಿಕ್ಕಿತು ಅಂತ ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಅಕ್ಕ, ಮಂಡಿ ಆಪರೇಷನ್ ಆದ ಮೇಲೆ ನೀವು ಘಟಿಕೋತ್ಸವಕ್ಕೆ ಬರೋದು ಕಷ್ಟ ಅಂತ ನಿಮ್ಮ ಮಗ ಹೇಳಿದ. ನಿಮ್ಮ ಗೌನನ್ನು ನಾವೇ ಇಸಕೊಂಡು ಬರ್ತೀವಿ. ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ನಾಲ್ಕು ಜನವೂ ನಿಮ್ಮ ಮನೆಯಲ್ಲಿರ್ತೀವಿ. ಅಡುಗೆಯಮ್ಮನೂ ಬರ್ತಾರಂತೆ, ಚಿಂತಾಮಣಿಯಿಂದ ಬೆಳಗಿನ ಬಸ್ಸಿಗೆ. ನೀವು ಒಲೆ ಹಚ್ಚಬೇಡಿ, ಊಟ ನಾವೇ ತರ್ತೀವಿ. ಕಾಫಿ ಮಾತ್ರ ನಿಮ್ಮ ಫ್ಲಾಸ್ಕಿನದೇ ಬೇಕು.